ಊದು

ಚಿಕ್ಕಪ್ಪ ಪುಟ್ಟಮಾದಯ್ಯ ಹೆಣದ ಪಕ್ಕ ಇಡಲು ತಂದಿದ್ದ ಕ್ವಾರ್ಟರ್ ಬಾಟಲನ್ನು ಮಾದೇಶ್ ಕಿತ್ತುಕೊಂಡು ನಾಲೆಗೆ ಎಸೆದ. ತಮಟೆ ನಿಂತಿತು.

“ಯಾಕ್ಲಾ? ಸತ್ತೋನಿಗೆ ಇಷ್ಟವಾದ್ದ ಇಡೋದು ಬ್ಯಾಡ್ವಾ?”

“ನಮ್ಮಪ್ಪ ಯಾವತ್ತು ಕುಡಿದಿದ್ದ? ಹೇಳು ಚಿಕ್ಕಪ್ಪ, ನೀ ಕಂಡಿದ್ಯಾ?”

“ಕಾಣ್ದೆ ಏನು? ಊರ್ ತುಂಬಾ ತೂರಾಡ್ಕೊಂಡು ತಿರುಗ್ತಿರ್ನಿಲ್ವಾ ದೇವಣ್ಣ?”

ಅವ್ವ ಸಾಕಮ್ಮ ಗಂಡನ ತಲೆದಿಸೆಯಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ತೂರಾಟ ಕಾಯಿಲೆಯದು ಎಂದು ಮಾದೇಶ್ ಬೆಳಗಿನಿಂದ ಬಂದವರಿಗೆಲ್ಲ ಹೇಳಿದ್ದ. ಎಲ್ಲರೂ ತಲೆಯಾಡಿಸಿದ್ದರು, ಯಾರೂ ನಂಬಿರಲಿಲ್ಲ. ಸ್ಕೂಲು ಬಿಟ್ಟು ಟ್ರಾಕ್ಟರ್ ಓಡಿಸುವವನ ಮಾತು.

*

ಹಿಂದೊಮ್ಮೆ ಟಿ. ನರಸೀಪುರದಿಂದ ನಂಜನಗೂಡಿಗೆ ಬರುವ ಖಾಸಗಿ ಬಸ್ಸಿನಲ್ಲಿ ಅಪ್ಪ ದೇವಯ್ಯನ ಕೈಕಾಲು ತಾವಾಗಿ ಕುಣಿಯತೊಡಗಿದ್ದವು. “ಊದಯ್ಯ,” ಎಂದ ಕಂಡಕ್ಟರ್. ದೇವಯ್ಯ ಅವನ ಮುಖಕ್ಕೆ ಊದಿದ. ಬರೀ ಟೀ ವಾಸನೆ. ಆದರೂ ಅಪ್ಪ ಮಗ ಇಬ್ಬರನ್ನೂ ನಡುದಾರಿಯಲ್ಲಿ ಇಳಿಸಿ ಹೋದ.

ಮೈಸೂರಿನ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕ ಕೋಮಲ ಆ ಭಾನುವಾರ ಮನೆಗೆ ಬಂದಿದ್ದಳು.

“ನಿನ್ನ ಕಾಯಿಲೆ ಒಂದು ಜೀನಿಂದಪ್ಪ. ಮಕ್ಕಳಿಗೂ ಬರಬೌದು. ಅದು ತಪ್ಪು ಸುದ್ದಿ ಕಳಿಸ್ತದೆ, ಮಿದುಳು ಕೆಡ್ತದೆ. ನಾವು ಲ್ಯಾಬಲ್ಲಿ ಆರ್‌ಎನ್‌ಎ ಚೂರು ಒಳಕ್ಕೆ ಬಿಟ್ಟು ಆ ಸುದ್ದೀನ ದಾರೀಲೇ ಕತ್ತರಿಸ್ತೀವಿ. ಜೀನ್ ಇರ್ತದೆ, ಅದರ ಮಾತು ಮುಂದಕ್ಕೆ ಹೋಗಲ್ಲ.”

“ಅಂಗಾರೆ ನೀನೂ ಕಂಡಕ್ಟರೇ ಬುಡವ್ವ. ಅರ್ಧ ದಾರೀಲಿ ಇಳಿಸೋಳು.” ದೇವಯ್ಯ ನಕ್ಕಾಗ ಲೋಟದ ಟೀ ಪಂಚೆಯ ಮೇಲೆ ಚೆಲ್ಲಿತು.

“ಮತ್ತೆ ಅಪ್ಪನ ತಲೇಗೆ ಬುಡು ಅದ್ನ!” ಮಾದೇಶ್ ರೇಗಿದ.

“ನಮ್ಮದಿನ್ನೂ ಗಾಜಿನ ತಟ್ಟೇಲಿ ಬೆಳೆಸಿರೋ ಜೀವಕೋಶದಲ್ಲಿ ಕಣೋ.” ತಡೆದು ಹೇಳಿದಳು, “ನಾನು ರಕ್ತ ಪರೀಕ್ಷೆ ಮಾಡಿಸ್ಕಂಡೆ. ನನಗೆ ಬಂದಿಲ್ಲ. ನೀನೂ ಮಾಡಿಸ್ಕೊ.”

“ನಂಗೇನಾಗದೆ? ಓಗು.”

*

ಮೊದಲ ಮಣ್ಣು ಮಗನದು. ಮಾದೇಶ್ ಹಿಡಿ ತುಂಬಿಕೊಂಡು ಗುಂಡಿಯ ಅಂಚಿಗೆ ಬಂದ. ಎಡಗಾಲು ತಾನಾಗಿ ಪಕ್ಕಕ್ಕೆ ಎಳೆಯಿತು. ಬೀಳುತ್ತಿದ್ದವನ ರಟ್ಟೆ ಹಿಡಿದು ಚಿಕ್ಕಪ್ಪ ನಿಲ್ಲಿಸಿದ.

“ನೋಡ್ರಪ್ಪಾ! ನನ್ನ ಬಾಟ್ಲು ಎಸೆದೋನು ತಾನು ಆಕ್ಕೊಂಡ್ ಬಂದವ್ನೆ!”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮಾದೇಶ್ ಚಿಕ್ಕಪ್ಪನ ಮೂಗಿಗೆ ಬಾಯಿ ತಂದು, ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದ. ಬೆಳಗಿನಿಂದ ನೀರೂ ಕಾಣದ ಬಾಯಿ. ಪುಟ್ಟಮಾದಯ್ಯ ಹಿಡಿದ ರಟ್ಟೆ ಬಿಟ್ಟ.

“ವಾಸ್ನೆ ಬಂತಾ? ಹೇಳು! ಎಲ್ರೂ ಬನ್ನಿ, ಊದ್ತೀನಿ!”

ಕೋಮಲ ಒಬ್ಬಳೇ ಬಂದಳು. ಅವಳು ಅವನ ಬಾಯಿ ನೋಡುತ್ತಿರಲಿಲ್ಲ. ಬಿಗಿ ಹಿಡಿದಿದ್ದರೂ ಅವನ ಬೆರಳ ಸಂದಿಯಿಂದ ಅಪ್ಪನ ಮೇಲೆ ಉದುರುತ್ತಲೇ ಇದ್ದ ಮಣ್ಣನ್ನು ನೋಡುತ್ತಿದ್ದಳು.