ಲಕೋಟೆಯೊಳಗಿನ ಕೊನೇಪುಟ

"ಬೇಗ ಬರೀರಿ ಸಾರ್, ಹೀರೋ ಗೇಟಿನ ಹತ್ರ ಬಂದ್ಬಿಟ್ರು," ಎಂದು ಹೀರೋನ ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ಎರಡು ಮಾತು ಸಾಕು. ಜನ ಅಳಬೇಕು, ಅಷ್ಟೆ."

ಹೊರಗೆ ಅಂಗಳದಲ್ಲಿ ನಿರ್ದೇಶಕನ ದೇಹ, ಸುತ್ತ ಟಿ.ವಿ. ಕ್ಯಾಮೆರಾಗಳು. ಒಳಗೆ ಅಡುಗೆಮನೆಯ ಮೇಜಿನ ಮುಂದೆ ಕೂತವನಿಗೆ ಎಪ್ಪತ್ತು ವರ್ಷ. ಅವನನ್ನು 'ಕೊನೇಪುಟ' ಎಂದು ಕರೆಯುತ್ತಿದ್ದವನು ಸತ್ತವನೊಬ್ಬನೇ. ಈಗ ಹೀರೋ ಓದುವ ಸಂತಾಪವನ್ನೂ ಇವನೇ ಬರೆಯಬೇಕಂತೆ! ಅವನು ಸತ್ತ ಮೇಲೂ ಬಿಟ್ಟಿ ಚಾಕರಿ ತಪ್ಪಲಿಲ್ಲ.

"ಕಾಫಿ ಕೊಡ್ಲಾ?" ಎಂದರು ಅತ್ತಿಗೆ, ನಿರ್ದೇಶಕನ ಹೆಂಡತಿ. ಕಣ್ಣು ಊದಿಕೊಂಡಿದ್ದವು.

"ಬೇಡ ಅತ್ತಿಗೆ. ಒಂದು ಲಕೋಟೆ ಇದ್ರೆ ಕೊಡಿ."

"ಲಕೋಟೆನಾ?" ಎಂದವರು ಅವನ ಮುಂದಿದ್ದ ಹಾಳೆಗಳನ್ನೊಮ್ಮೆ ನೋಡಿದರು. ಆಮೇಲೆ ಒಳಗಿನಿಂದ ತಂದು ಕೊಟ್ಟರು.

*

ಆ ಕಾಲದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ರೂಮು, ಒಂದೇ ಫ್ಯಾನು, ಧಾರಾವಾಹಿ ಬರೆಯುವ ಇಬ್ಬರು ಗೆಳೆಯರು. ಪ್ರತಿ ಗುರುವಾರ ಟಿ.ವಿ.ಯಲ್ಲಿ ಒಂದು ಕೊಲೆ. "ಗಂಟು ಹಾಕೋದು ನನ್ನ ಕೆಲಸ, ಬಿಚ್ಚೋದು ನಿಂದು ಕಣೋ ಕೊನೇಪುಟ," ಎನ್ನುತ್ತಿದ್ದ ಅವನು. ಗುಟ್ಟು ಬಯಲಾಗದಿರಲೆಂದು ಇವನು ಕೊನೆಯ ಪುಟವನ್ನು ಬೇರೆ ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸುತ್ತಿದ್ದ; ಲಕೋಟೆ ತಂದುಕೊಡುತ್ತಿದ್ದವರು ಅತ್ತಿಗೆ. ನಟರು ಅದನ್ನು ಒಡೆಯುತ್ತಿದ್ದದ್ದು ಶೂಟಿಂಗ್ ಹೊತ್ತಿಗೇ. ಅದರ ಹಿಂದಿನ ಪುಟ ಯಾವಾಗಲೂ ಒಂದು ಪ್ರಶ್ನೆಯಲ್ಲಿ ಮುಗಿಯಬೇಕು.

ಪರದೆಯ ಮೇಲೆ ಬರುತ್ತಿದ್ದದ್ದು ಒಂದೇ ಹೆಸರು, ಅವನದು. ಅದೇ ಹೆಸರಿಗೆ ಸಿನಿಮಾ ಸಿಕ್ಕಿತು, ಅವನು ನಿರ್ದೇಶಕನಾದ. "ಮುಂದಿನ ಸಿನಿಮಾಕ್ಕೆ ನಿನ್ನ ಹೆಸರು ಗ್ಯಾರಂಟಿ ಕಣೋ." ಹನ್ನೊಂದು ಸಿನಿಮಾ ಬಂದವು. ಇವನು ಬರೆದ ಎಲ್ಲ ಕೊನೆಗಳನ್ನೂ ಜನ ಹಾಡಿ ಹೊಗಳಿದರು. ಕೇಳಿದಾಗಲೆಲ್ಲ ಅವನು ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ. ಆ ನಗುವಿಗೆ ಇವನು ಪ್ರತಿ ಸಲವೂ ಕರಗುತ್ತಿದ್ದ, ದಡ್ಡ.

*

ಇವತ್ತು ಕರಗಲಿಲ್ಲ. ಒಂದು ಹಾಳೆ ತುಂಬ ಹೊಗಳಿದ. ಹಳೇ ಅಭ್ಯಾಸ, ಕೊನೆಯಲ್ಲಿ ಕೈ ತಾನಾಗಿಯೇ ಪ್ರಶ್ನೆ ಹಾಕಿತು. ಇನ್ನೊಂದು ಹಾಳೆಯಲ್ಲಿ ಉತ್ತರವಾಗಿ ತನ್ನ ಹೆಸರು ಬರೆದು, ಲಕೋಟೆಗೆ ಹಾಕಿ ಅಂಟಿಸಿದ. ಇಷ್ಟು ಕ್ಯಾಮೆರಾಗಳ ಮುಂದೆ ಹೀರೋ ಬಾಯಿಂದ ಒಂದೇ ಒಂದು ಸಲ ಆ ಹೆಸರು ಬಂದರೆ ಸಾಕಿತ್ತು.

"ಪ್ರಶ್ನೆ ಓದಿದ್ಮೇಲೆ ಇದನ್ನ ಒಡೀರಿ," ಎಂದು ಹಾಳೆ, ಲಕೋಟೆ ಎರಡನ್ನೂ ಹೀರೋ ಕೈಗೆ ಕೊಟ್ಟ. ಹೀರೋ ಫೋನಿನಲ್ಲಿ ಮಾತಾಡುತ್ತಲೇ ತಲೆಯಾಡಿಸಿದ. ಅವನು ಆ ಟಿ.ವಿ. ಕಾಲದವನಲ್ಲ, ಲಕೋಟೆಯ ಪದ್ಧತಿ ಗೊತ್ತಿಲ್ಲ.

ಚೆನ್ನಾಗಿಯೇ ಓದಿದ. ಧ್ವನಿ ನಡುಗಬೇಕಾದಲ್ಲಿ ನಡುಗಿತು. "ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ ಆ ಕೊನೆಗಳನ್ನು ಬರೆದ ಕೈ ಯಾರದು, ಗೊತ್ತೇ?"

ಹಾಳೆ ಮುಗಿಯಿತು. ಅಂಗಳದ ಕಂಬದ ಹತ್ತಿರ ನಿಂತಿದ್ದ ಕೊನೇಪುಟ ಲಕೋಟೆಯನ್ನೇ ನೋಡಿದ. ಹೀರೋ ಕ್ಯಾಮೆರಾ ನೋಡಿದ, ಬಗ್ಗಿ ಹೆಣದ ಕೈ ಮುಟ್ಟಿದ.

"ಈ ಕೈ!"

ಗುಂಪು ಗೊಳೋ ಎಂದಿತು. "ಏನ್ ಬರ್ದಿದೀರಾ ಸಾರ್!" ಎಂದು ಮ್ಯಾನೇಜರ್ ಕಣ್ಣೊರೆಸಿಕೊಂಡ. ಹೀರೋ ಲಕೋಟೆಯನ್ನು ತಿರುಗಿಸಿ ನೋಡಿ, ಯಾರದೋ ಸಂತಾಪದ ಪತ್ರವೆಂದುಕೊಂಡು, ಹೆಣದ ಎದೆಯ ಮೇಲಿಟ್ಟು ಕೈಮುಗಿದ.

ಅಂಟಿಸಿದ ಲಕೋಟೆಯಲ್ಲಿ ಏನಿರುತ್ತದೆಂದು ಅಲ್ಲಿ ಗೊತ್ತಿದ್ದದ್ದು ಅತ್ತಿಗೆಯೊಬ್ಬರಿಗೇ. ಕೊನೇಪುಟ ಅವರನ್ನೇ ನೋಡಿದ. ಅವರೂ ಅವನನ್ನು ನೋಡಿದರು. ಆಮೇಲೆ ಪಕ್ಕದವರ ಕೈಯಿಂದ ಒಂದು ದಪ್ಪ ಹಾರ ತೆಗೆದುಕೊಂಡು, ಲಕೋಟೆ ಕಾಣದ ಹಾಗೆ ಅದರ ಮೇಲೆ ಹಾಸಿದರು.