ಬಂದೂಕಿನ ರಸೀದಿ

ಮಾಧುರಿ ಜಾಣೆ ಎಂಬುದು ಪುಣೆಯ ಬಿಬವೇವಾಡಿಯಲ್ಲಿ ಅವಳಿದ್ದ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಧುರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಮಗರಪಟ್ಟಾದ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವುದೇ ಅವಳ ಕೆಲಸ. ಮನೆಯಲ್ಲೂ ಅದೇ ಚಾಳಿ. ಸರಕಾರಿ ಕಾಗದ ಯಾವುದು ಬಂದರೂ ಐದು ಝೆರಾಕ್ಸ್ ತೆಗೆಸಿ ಇಡುವಳು, ಅರ್ಜಿ ಯಾವುದೇ ಇರಲಿ, ಅದರ ಹಿಂದೆ ಮನೆಯಲ್ಲಿದ್ದ ಕಾಗದಗಳದ್ದೆಲ್ಲ ಒಂದು ಪೂರ್ತಿ ಸೆಟ್ ಪಿನ್ ಹೊಡೆದುಬಿಡುವಳು. ಪುಣೆಯ ಯಾವ ಗುಮಾಸ್ತನೂ ತನ್ನನ್ನು ಎರಡನೇ ಸಲ ಓಡಾಡಿಸಿಲ್ಲ ಎಂಬ ಜಂಬ ಅವಳಿಗೆ. ಆ ಜಂಬವೇ ಕುತ್ತಿಗೆಗೆ ಬಂತು.

ಅವಳ ಅಪ್ಪ ಸಿದ್ರಾಮಪ್ಪ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ನಿವೃತ್ತಿಯಾದ ಮೇಲೆ ಲೈಸೆನ್ಸ್ ತೆಗೆದು, ಜೋಡುನಳಿಗೆಯ ಬಂದೂಕು ಕೊಂಡು, ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ವ್ಯಾಪಾರಿ ಪ್ರಲ್ಹಾದ ಶೇಠರಲ್ಲಿ ಕಾವಲಿಗೆ ನಿಂತಿದ್ದ. ಕಳೆದ ವರ್ಷ ಸ್ವಾರಗೇಟಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದು, ಕಾವಲಿನ ಕೆಲಸ ನಿಂತಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮೊದಲಿನಷ್ಟೇ ಗಟ್ಟಿಯಾಯಿತು, ಸಹಿ ಮಾತ್ರ ಮೊದಲಿನಂತೆ ಬರಲಿಲ್ಲ. ಪೆನ್ಶನ್ ಕೊಡುವ ಬ್ಯಾಂಕಿನವರು ಆ ಸಹಿ ಒಪ್ಪಲಿಲ್ಲ.

ಅಪ್ಪನನ್ನು ಕರೆದುಕೊಂಡು ಎರಡು ದಿನ ಬ್ಯಾಂಕಿನಲ್ಲಿ ಕೂತಿದ್ದರೆ ಹೊಸ ಸಹಿ ದಾಖಲಾಗುತ್ತಿತ್ತು. ಮಾಧುರಿಗೆ ರಜೆ ಹಾಕುವ ಮನಸ್ಸಿರಲಿಲ್ಲ. ಪರಿಚಯದ ಡಾಕ್ಟರರ ಹತ್ತಿರ ಹೋಗಿ, "ಅಪ್ಪಗ ಏನೂ ನೆನಪು ಉಳಿಯೂದಿಲ್ರಿ" ಎಂದು ಹಸೀ ಸುಳ್ಳು ಹೇಳಿದಳು. ಇವರು ತಮ್ಮ ವ್ಯವಹಾರ ತಾವು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ಚೀಟಿ ಬರೆಸಿಕೊಂಡಳು. ಅಂದಿನಿಂದ ಪೆನ್ಶನ್ ಮಗಳ ಸಹಿಗೆ ಬಂತು. ಅದು ಹೇಗೆ ಎಂದು ಸಿದ್ರಾಮಪ್ಪ ಕೇಳಲೂ ಇಲ್ಲ. ಮಗಳು ಜಾಣೆಯಲ್ಲವೆ.

ಈಗ ಬಂದೂಕಿನ ಲೈಸೆನ್ಸ್ ನವೀಕರಿಸಬೇಕಿತ್ತು. ದಸರೆಯ ಖಂಡೇನವಮಿಗೆ ಬಂದೂಕಿನ ಪೂಜೆ ಮಾಡಿ ಮರುದಿನವೇ ಕೆಲಸಕ್ಕೆ ಬಂದುಬಿಡಿ ಎಂದು ಶೇಠರು ಹೇಳಿಕಳಿಸಿದ್ದರು. ಅಪ್ಪ ಯೂನಿಫಾರ್ಮಿಗೆ ಆಗಲೇ ಇಸ್ತ್ರಿ ಹಾಕಿಸಿ ಇಟ್ಟಿದ್ದ. ಮಾಧುರಿ ಅರ್ಜಿ ತುಂಬಿ, ಹಿಂದೆ ಎಂದಿನಂತೆ ಪೂರ್ತಿ ಸೆಟ್ ಪಿನ್ ಹೊಡೆದಳು. ಡಾಕ್ಟರರ ಚೀಟಿಯೂ ಆ ಸೆಟ್ಟಿನಲ್ಲೇ ಇತ್ತು.

ವಾರದಲ್ಲಿ ಪೊಲೀಸರಿಂದ ಕರೆ ಬಂತು, ಬಂದೂಕು ಸಮೇತ ಬನ್ನಿ ಎಂದು. ಅಪ್ಪ, ಮಗಳು ಇಬ್ಬರೂ ಹೋದರು. ಅಲ್ಲಿನ ಇನ್ಸ್‌ಪೆಕ್ಟರ್, ನಡುವಯಸ್ಸಿನ ಹೆಣ್ಣುಮಗಳು, ಆ ಚೀಟಿಯನ್ನು ಮುಂದೆ ಸರಿಸಿ ಮರಾಠಿಯಲ್ಲಿ ಕೇಳಿದರು: ತಮ್ಮ ಪೆನ್ಶನ್ ತಾವು ನೋಡಿಕೊಳ್ಳಲಾಗದವರ ಕೈಗೆ ಬಂದೂಕು ಹೇಗೆ ಕೊಡುವುದು? ಇದು ನಿಜವೋ, ಸುಳ್ಳೋ? ಸುಳ್ಳಾದರೆ ಬರೆಸಿದವರ ಮೇಲೆ ಕೇಸ್ ಆಗುತ್ತದೆ.

ಸುಳ್ಳು ಅಂದಿದ್ದರೆ ಸಾಕಿತ್ತು, ಒಂದೇ ಮಾತು. ಮಾಧುರಿಯ ಕಣ್ಣೆದುರು ಮೊದಲು ಬಂದದ್ದು ಮಗರಪಟ್ಟಾದ ನೌಕರಿ. ಅಪ್ಪನ ಇಸ್ತ್ರಿ ಹಾಕಿದ ಯೂನಿಫಾರ್ಮ್ ಆಮೇಲೆ ಬಂತು. ಯಾವುದು ಮೊದಲು ಬಂತು ಎಂಬುದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಸಿದ್ರಾಮಪ್ಪ ಕನ್ನಡಕ ಹಾಕಿಕೊಂಡು ಚೀಟಿಯನ್ನು ಮೊದಲ ಸಲ ಓದಿದ. ಇನ್ನೊಮ್ಮೆ ಓದಿದ. ಮಗಳ ಮುಖ ನೋಡಲಿಲ್ಲ.

"ಖರ ಆಹೆ, ಮ್ಯಾಡಮ್," ಎಂದ. ನಿಜವೇ, ಈಗೀಗ ತನಗೆ ಏನೂ ನೆನಪು ಉಳಿಯುವುದಿಲ್ಲ ಎಂದು ಮರಾಠಿಯಲ್ಲೇ ಹೇಳಿದ.

ಆಮೇಲೆ ಎದ್ದು ನಿಂತು, ನಳಿಗೆ ಮಡಚಿ, ಒಳಗೆ ಗುಂಡಿಲ್ಲವೆಂದು ತೋರಿಸಿ, ಬಂದೂಕನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟ. ರಸೀದಿಗೆ ಬಂದೂಕಿನ ನಂಬರು ಬೇಕೆಂದರು. ಅವನು ಅದರ ಕಡೆ ನೋಡದೆಯೇ ಐದೂ ಅಂಕಿಗಳನ್ನು ತಡವರಿಸದೆ ಹೇಳಿದ. ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು, ಆಮೇಲೆ ಮಾಧುರಿಯ ಕಡೆ ತಿರುಗಿದರು. ಮಾಧುರಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು.

ರಸೀದಿಯ ಕೆಳಗೆ ಸಹಿ ಹಾಕಬೇಕಿತ್ತು. ಸಿದ್ರಾಮಪ್ಪ ಪೆನ್ನು ಕೈಗೆತ್ತಿಕೊಂಡವನು ತಡೆದು, ಅದನ್ನು ಮಗಳ ಕಡೆ ಚಾಚಿದ.

"ನೀನ ಮಾಡವಾ. ನನ್ನ ಸಹಿ ಈಗ ನಡೆಯೂದಿಲ್ಲಲ್ಲ."

ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ಮಾಧುರಿಯ ಸಹಿ ಎಂದಿನಂತೆ ಚೆಂದವಾಗಿ ಬಂತು.

ಹೊರಗೆ ಬಂದಾಗ ಎದುರಿಗೇ ಝೆರಾಕ್ಸ್ ಅಂಗಡಿ. ಅಪ್ಪ ನಿಂತ. ಮಡಚಿದ ರಸೀದಿಯನ್ನು ಜೇಬಿನಿಂದ ತೆಗೆದು ಮಗಳಿಗೆ ಕೊಟ್ಟ.

"ಐದು ತಗಸಬೇಕಲ್ಲ?" ಎಂದು ಕೇಳಿದ.