ಮನಶ್ಶಾಸ್ತ್ರದ ಗಂಗುಲಪ್ಪನವರು

ಗಂಗುಲಪ್ಪನವರಿಗೆ ಮನುಷ್ಯರ ಮೇಲೆ ಪ್ರೀತಿ ಇರಲಿಲ್ಲ. ಇದ್ದದ್ದು ಮನುಷ್ಯರನ್ನು ಕುರಿತ ಶಾಸ್ತ್ರದ ಮೇಲೆ. ಎಂಬತ್ತರ ದಶಕದಲ್ಲಿ ಅವರು ಮನಶ್ಶಾಸ್ತ್ರ ಕಲಿಸುತ್ತಿದ್ದ ಚಿಕ್ಕಬಳ್ಳಾಪುರದ ಖಾಸಗಿ ಕಾಲೇಜಿಗೆ ನಾನು ಪ್ರಾಂಶುಪಾಲೆಯಾಗಿದ್ದೆ. ಅಂದಾಜಿನ ಮೇಲೆ ಈ ಮಾತು ಹೇಳುತ್ತಿಲ್ಲ.

ತಲೆಯನ್ನು ಎಡಕ್ಕೆ ವಾಲಿಸಿ, ಗೋಡೆಯ ಪಕ್ಕದಲ್ಲೇ, ಯಾರದೋ ಮಾತನ್ನು ಕದ್ದು ಕೇಳುವವರಂತೆ ಅವರು ನಡೆಯುತ್ತಿದ್ದರು. ಯಾರು ಏನು ಹೇಳಿ ನಿಲ್ಲಿಸಿದರೂ "ಆಮೇಲೆ?" ಎನ್ನುತ್ತಿದ್ದರು. ತಡವಾಗಿ ಬಂದದ್ದಕ್ಕೆ ನಾನು ಗದರಿದಾಗಲೂ "ಆಮೇಲೆ?" ಎಂದರು. ಉದ್ಧಟತನವಲ್ಲ, ನಾನು ಹೇಳದೆ ಉಳಿಸಿಕೊಂಡ ಮಾತಿಗಾಗಿ ಅವರು ನಿಜವಾಗಿಯೂ ಕಾಯುತ್ತಿದ್ದರು.

ಊರಿನವರ ಬಾಯಲ್ಲಿ ಅವರು 'ಹುಚ್ಚರ ಮೇಷ್ಟ್ರು'. ತರಕಾರಿ ವ್ಯಾಪಾರದ ಮುನಿಶಾಮಪ್ಪ ಒಮ್ಮೆ ಕಾಲೇಜಿಗೇ ಬಂದುಬಿಟ್ಟ.

"ಸಾ, ನಮ್ಮೆಮ್ಮೆ ಕಳ್ದೋಗೈತೆ. ಯಾರ ಮನಸ್ಸಲ್ಲೈತೆ ವಸಿ ನೋಡಿ ಹೇಳಿ."

"ಎಮ್ಮೆ ಮನಸ್ಸಲ್ಲಿ ಏನಿತ್ತು ಅಂತ ಮೊದಲು ಯೋಚನೆ ಮಾಡಪ್ಪ. ಬಿಟ್ಟೋಗಿದ್ದು ಅದು ತಾನೆ?"

ಈ ಒರಟನ ಕೈಯಲ್ಲಿ ಓದಿದ ಶ್ಯಾಮಲಮ್ಮ ಬೆಂಗಳೂರಿನಲ್ಲಿ ಎಂ.ಎ. ಮುಗಿಸಿ ದೊಡ್ಡ ಆಸ್ಪತ್ರೆಯೊಂದರ ಮನೋರೋಗ ವಿಭಾಗ ಸೇರಿದಳು. ಕೋನಪ್ಪ ಕಾರ್ಖಾನೆಯೊಂದರ ಸಿಬ್ಬಂದಿ ಅಧಿಕಾರಿಯಾದ. ಬೇರೆ ಅಧ್ಯಾಪಕರು ಪಾಠ ಮುಗಿಸಿ ಮನೆಗೆ ಹೋಗುತ್ತಿದ್ದರೆ, ಇವರು ತಮ್ಮ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯದ ಬಾಗಿಲವರೆಗೂ ಮುಟ್ಟಿಸಿ ಬರುತ್ತಿದ್ದರು. ಅದನ್ನೂ ನಾನು ಶಾಸ್ತ್ರಾಭಿಮಾನದ ಲೆಕ್ಕಕ್ಕೇ ಬರೆದುಕೊಂಡಿದ್ದೆ.

೧೯೮೯ರಲ್ಲಿ ಆಡಳಿತ ಮಂಡಳಿ ಖಡಾಖಂಡಿತವಾಗಿ ಹೇಳಿತು: ಮೊದಲ ವರ್ಷಕ್ಕೆ ಹತ್ತು ಮಂದಿಯಾದರೂ ಸೇರದಿದ್ದರೆ ಮನಶ್ಶಾಸ್ತ್ರ ನಿಲ್ಲುತ್ತದೆ, ಈಗಿರುವವರು ಪದವಿ ಮುಗಿಸಿದ ಮೇಲೆ ಗಂಗುಲಪ್ಪನವರಿಗೂ ಕೆಲಸವಿಲ್ಲ. ಆ ಜೂನ್‌ನಲ್ಲಿ ಅವರು ನಗರಗೆರೆಯಿಂದ ಶಿಡ್ಲಘಟ್ಟದವರೆಗೆ ಮನೆಮನೆ ಅಲೆದು ಒಂಬತ್ತು ಮಂದಿಯನ್ನು ಹಿಡಿದು ತಂದರು. ಪ್ರವೇಶದ ಕೊನೆಯ ದಿನ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಖಾಜಾ ಪೀರ್ ತಮ್ಮ ಮಗಳು ಶಮ್ಸುನ್ನೀಸಾಳೊಡನೆ ನನ್ನ ಕೊಠಡಿಗೆ ಬಂದರು. ಗಂಗುಲಪ್ಪನವರು ಹಿಂದೆಯೇ ಬಂದು ನಿಂತರು. ಪಿ.ಯು.ಸಿ. ಗಣಿತದಲ್ಲಿ ಅಷ್ಟೊಂದು ಅಂಕ ತೆಗೆದವಳಿಗೆ ಬಿ.ಎ. ಯಾಕೆ ಎಂದು ಕೇಳಿದೆ.

"ಬಿ.ಎಸ್ಸಿ. ಬೇಡ ಮೇಡಂ," ಎಂದರು ಖಾಜಾ ಪೀರ್. "ಲ್ಯಾಬ್ ಮುಗಿಸ್ಕೊಂಡು ಬರೋಷ್ಟ್ರಲ್ಲಿ ಕತ್ತಲಾಗ್ತದೆ. ಬಸ್ಸಲ್ಲಿ ಗಂಡಸರ ನೂಕಾಟ ಬೇರೆ. ಬಿ.ಎ. ಆದ್ರೆ ಮಧ್ಯಾಹ್ನಕ್ಕೇ ಮುಗೀತದೆ ಅಂತ ಸಾರೇ ಹೇಳಿದ್ರು."

ಗಂಗುಲಪ್ಪನವರು ಹುಡುಗಿಯ ಕಡೆ ತಿರುಗಿದರು. "ನಿಂಗೇನು ಓದ್ಬೇಕಮ್ಮ?"

"ಸೈಕಾಲಜೀನೇ ಸಾರ್."

"ಆಮೇಲೆ?"

ಅವಳು ಅಪ್ಪನನ್ನು ನೋಡಿದಳು. ನೆಲ ನೋಡಿದಳು. "ಲೆಕ್ಕ," ಎಂದಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಬಿ.ಎಸ್ಸಿ.ಗೇ ಹಾಕಿ ಸಾಬ್ರೆ," ಎಂದರು ಗಂಗುಲಪ್ಪನವರು.

"ಅರೆ! ಮೊನ್ನೆ ನಮ್ಮನೇಲಿ ಚಾ ಕುಡ್ಕೊಂಡು ಅಷ್ಟು ಹೊತ್ತು ಹೇಳಿದ್ರಲ್ಲ ಸಾರ್?"

"ಮೊನ್ನೆ ಹೇಳಿದ್ದು ನನ್ನ ಹೊಟ್ಟೆಪಾಡಿಗೆ. ಬಸ್ಸಿನ ಯೋಚನೆ ನಂಗೆ ಬಿಡಿ."

ಇವತ್ತೇ ಕೊನೆಯ ದಿನ ಎಂದು ನಾನು ನೆನಪಿಸಿದೆ. ಗೊತ್ತು ಎಂಬಂತೆ ತಲೆಯಾಡಿಸಿದರು. ಹತ್ತನೆಯವರು ಬರಲಿಲ್ಲ, ಆ ವರ್ಷದಿಂದ ಮನಶ್ಶಾಸ್ತ್ರ ನಿಂತಿತು.

ಮನಸ್ಸನ್ನು ಓದಿದವರು ಮೃದುವಾಗಿರುತ್ತಾರೆಂದು ಜನ ತಿಳಿಯುತ್ತಾರೆ. ನಾನು ಕಂಡ ಸಮರ್ಥರು ಬಹುಪಾಲು ಒರಟರೇ. ಸಾಂತ್ವನ ಹೇಳಲು ಬಾರದವರು, ಕೇಳಿಸಿಕೊಂಡದ್ದನ್ನು ಕೇಳಿಸಲಿಲ್ಲವೆನ್ನಲೂ ಬಾರದವರು.

ಆಗಸ್ಟ್‌ನ ಒಂದು ಸಂಜೆ ಬಸ್ ನಿಲ್ದಾಣದಲ್ಲಿದ್ದೆ. ಶಿಡ್ಲಘಟ್ಟದ ಬಸ್ಸು ಒಳಗೆ ತಿರುಗುತ್ತಿದ್ದಂತೆ ಹುಡುಗರ ಗುಂಪು ಕೂಗುತ್ತ ಅದರೊಡನೆ ಓಡಿತು. ಆ ಗುಂಪಿನ ಮುಂದೆ, ಐವತ್ತು ದಾಟಿದ ಗಂಗುಲಪ್ಪನವರು ಪಂಚೆ ಎತ್ತಿ ಹಿಡಿದು ಓಡುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕೈತೂರಿಸಿ ಸೀಟಿನ ಮೇಲೆ ಕರ್ಚೀಫು ಎಸೆದರು.

"ಹೆಣ್ಮಗಳ ಸೀಟು ಕಣ್ರೋ! ಯಾವನಾದ್ರೂ ಕೂತೀರಾ, ಜೋಕೆ!"

ಶಮ್ಸುನ್ನೀಸಾ ಹತ್ತಿ ಕುಳಿತು, ಕಿಟಕಿಯಿಂದ ಕರ್ಚೀಫು ನೀಡಿದಳು. ಅವರು ಅದರಲ್ಲಿ ಬೆವರು ಒರೆಸಿಕೊಂಡು, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತರು.